ಡ್ಯೂಕ್–ನಾರ್ತ್ ಕ್ಯಾರೊಲೈನಾ 81–77: ಸೋಲಿಸಿದ್ದು ಲವ್ ಹಾಕಿದ ತ್ರೀನಾ, ಡ್ಯೂಕ್ ಬಿಟ್ಟ ಫ್ರೀ ಥ್ರೋನಾ?

ಹೆಬ್ಬಾಳ_ಹೂಪ್ಸ್
2022ರ ಏಪ್ರಿಲ್ 2, ನ್ಯೂ ಆರ್ಲಿಯನ್ಸ್‌ನ ಸೂಪರ್‌ಡೋಮ್, ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಫೈನಲ್ ಫೋರ್, ಅಂದ್ರೆ ಸೆಮಿಫೈನಲ್. ಕ್ಯಾರೊಲೈನಾ 81, ಡ್ಯೂಕ್ 77. ಡ್ಯೂಕ್ ಕೋಚ್ ಶಶೆಫ್‌ಸ್ಕಿ ಅವರ ಕೊನೇ ಆಟ. ಎನ್‌ಸಿಎಎ (ರಾಷ್ಟ್ರೀಯ ಕಾಲೇಜು) ಟೂರ್ನಿಯಲ್ಲಿ ಈ ಎರಡು ತಂಡ ಎದುರಾಗಿದ್ದೂ ಅದೇ ಮೊದಲು. ಈ ಆಟದ ಮಾತು ಬಂದಾಗಲೆಲ್ಲ ಕೊನೇ 25 ಸೆಕೆಂಡ್ ಇರುವಾಗ ಕ್ಯಾರೊಲೈನಾದ ಕೇಲಬ್ ಲವ್ ಹಾಕಿದ ತ್ರೀ (ದೂರದ ಗೆರೆಯಾಚೆಯಿಂದ ಮೂರಂಕದ ಶಾಟ್) ಒಂದನ್ನೇ ಹೇಳ್ತಾರೆ. ಬಾಕ್ಸ್ ಸ್ಕೋರ್ (ಆಟದ ಅಂಕಿ ಪಟ್ಟಿ) ಮುಂದಿಟ್ಟುಕೊಂಡರೆ ಬೇರೆ ಎರಡು ಸಾಲು ಕಣ್ಣಿಗೆ ಹೊಡೆಯುತ್ತೆ. ಡ್ಯೂಕ್ ಫ್ರೀ ಥ್ರೋ (ಎದುರಾಳಿ ಫೌಲ್ ಮಾಡಿದಾಗ ಸಿಗುವ ಒಂದಂಕದ ಶಾಟ್) 20ಕ್ಕೆ 12. ಡ್ಯೂಕ್ ತ್ರೀ 22ಕ್ಕೆ 5. ನಿಜವಾಗಿ ಆಟ ಕೈಬಿಟ್ಟದ್ದು ಎಲ್ಲಿ? "ಲವ್ ಹೀರೋ" ಅಂತ ಬರೆದು ಹೋಗಬೇಡಿ, ಲೆಕ್ಕ ಹಾಕಿ ತೋರಿಸಿ.

ನೀಲಿ_ಡ್ಯೂಕ್
ಫ್ರೀ ಥ್ರೋ. ಚರ್ಚೆನೇ ಬೇಡ. ಎಂಟು ಹೋಯ್ತು, ಸೋತಿದ್ದು ನಾಲ್ಕರಲ್ಲಿ.

ಲೆಕ್ಕದ_ಮೇಷ್ಟ್ರು
ನೀಲಿಯವರೇ, ಆ ಕಳೆಯುವ ಲೆಕ್ಕ ಅಷ್ಟು ಸಲೀಸಾಗಿ ಕೂರಲ್ಲ. ಎಂಟಕ್ಕೆ ಎಂಟೂ ಯಾವ ತಂಡವೂ ಹಾಕಲ್ಲ. ಕಾಲೇಜು ಮಟ್ಟದಲ್ಲಿ 75% ಬಂದರೆ ಒಳ್ಳೇ ದಿನ ಅಂತಲೇ ಅರ್ಥ. 20ಕ್ಕೆ 75% ಅಂದ್ರೆ 15, ಅಂದ್ರೆ ಮೂರು ಅಂಕ ಹೆಚ್ಚು. ಆಗ ಸ್ಕೋರ್ 81–80. ಆಗಲೂ ಸೋಲೇ. 80% ಹಾಕಿದ್ರೆ 16, ಸರಿಸಮ ಆಗಿ ಓವರ್‌ಟೈಮ್.

ತ್ರೀ ಕಡೆ ಬನ್ನಿ. ಕ್ಯಾರೊಲೈನಾ 10 ತ್ರೀ ಹಾಕಿತು, ಡ್ಯೂಕ್ 5. ಅಂದ್ರೆ 30 ಅಂಕಕ್ಕೆ 15. ಮಿಕ್ಕಿದ್ದನ್ನು ತೆಗೆದು ನೋಡಿ: ಎರಡಂಕದ ಶಾಟ್ ಮತ್ತು ಫ್ರೀ ಥ್ರೋ ಸೇರಿ ಡ್ಯೂಕ್ 62, ಕ್ಯಾರೊಲೈನಾ 51. ಡ್ಯೂಕ್ ಆ ಲೆಕ್ಕದಲ್ಲಿ 11 ಅಂಕ ಮುಂದಿತ್ತು. ಗೆರೆಯಾಚೆ 15 ಅಂಕ ಕಳೆದುಕೊಂಡಿತು. 15ರಿಂದ 11 ಕಳೆಯಿರಿ, ನಿಮ್ಮ ನಾಲ್ಕು ಅಂಕ ಅಲ್ಲಿದೆ. 22ರಲ್ಲಿ ಮೂರನೇ ಒಂದು ಭಾಗ, ಅಂದ್ರೆ 7 ಹಾಕಿದ್ರೂ ಆರು ಅಂಕ ಹೆಚ್ಚು ಬಂದು ಡ್ಯೂಕ್ ಗೆಲ್ತಿತ್ತು.

ನೀಲಿ_ಡ್ಯೂಕ್
ಮೇಷ್ಟ್ರೇ, ಒಟ್ಟು ಮೊತ್ತ ಸರಿ. ಆದ್ರೆ ಯಾವ ಫ್ರೀ ಥ್ರೋ ಯಾವಾಗ ಹೋಯ್ತು ಅನ್ನೋದು ಒಟ್ಟು ಮೊತ್ತದಲ್ಲಿ ಕಾಣಲ್ಲ. 46.7 ಸೆಕೆಂಡ್ ಉಳಿದಿದೆ. ಕ್ಯಾರೊಲೈನಾ 75–74 ಮುಂದೆ. ಅವರ ಅರ್ಮಾಂಡೊ ಬೇಕಾಟ್ ಐದನೇ ಫೌಲ್ ಮಾಡಿ ಹೊರಗೆ. ಡ್ಯೂಕ್‌ನ ಮಾರ್ಕ್ ವಿಲಿಯಮ್ಸ್ ಫ್ರೀ ಥ್ರೋ ಗೆರೆ ಮೇಲೆ, ಎರಡು ಶಾಟ್. ಎರಡೂ ಹೋಯ್ತು. ಎರಡೂ ಬಿದ್ದಿದ್ರೆ ಡ್ಯೂಕ್ 76–75. ಅದೇ ಎರಡು ಶಾಟ್ ಮೊದಲ ಹತ್ತು ನಿಮಿಷದಲ್ಲಿ ಹೋಗಿದ್ರೆ ಯಾರಿಗೂ ನೆನಪೇ ಇರ್ತಿರಲಿಲ್ಲ.

ಲೆಕ್ಕದ_ಮೇಷ್ಟ್ರು
ಅದನ್ನು ಒಪ್ತೀನಿ, ಅದಕ್ಕೂ ಲೆಕ್ಕ ಇದೆ. ವಿಲಿಯಮ್ಸ್ ಆ ಸೀಸನ್ನಿನಲ್ಲಿ ಸುಮಾರು 73% ಫ್ರೀ ಥ್ರೋ ಹಾಕುತ್ತಿದ್ದ ಹುಡುಗ. ಬುಟ್ಟಿ ಹತ್ತಿರ ಆಡುವ ಏಳಡಿ ಎತ್ತರದ ಸೆಂಟರ್‌ಗೆ ಅದು ಕೆಟ್ಟದ್ದೇನಲ್ಲ. ಎರಡೂ ಬೀಳುವ ಸಂಭವ ಸುಮಾರು 53%, ಒಂದು ಬೀಳುವುದು 40%, ಎರಡೂ ಹೋಗುವುದು ಬರೀ 7%. ಸರಾಸರಿ ತೆಗೆದರೆ ಆ ಎರಡು ಶಾಟ್‌ಗೆ 1.46 ಅಂಕ ಬರಬೇಕಿತ್ತು. ಸಿಕ್ಕಿದ್ದು ಸೊನ್ನೆ. ಅಪರೂಪದ್ದು ಅತಿ ಕೆಟ್ಟ ಹೊತ್ತಲ್ಲಿ ಆಯ್ತು. "ಅವನಿಗೆ ಫ್ರೀ ಥ್ರೋ ಬರಲ್ಲ" ಅಂತ ಆಗ ಬೈದವರ ಮಾತಿಗೆ ಅಂಕಿಯ ಆಧಾರ ಇಲ್ಲ.

ಸ್ಕೋರ್‌ಟೇಬಲ್
ವಿಲಿಯಮ್ಸ್‌ನ ಆ ಎರಡು ಮಿಸ್ ಬಾಕ್ಸ್ ಸ್ಕೋರ್‌ನಲ್ಲಿ ಹೇಗೆ ದಾಖಲಾಗುತ್ತೆ ಅನ್ನೋದನ್ನು ಬಹಳ ಜನ ತಪ್ಪಾಗಿ ತಿಳ್ಕೊಂಡಿದ್ದಾರೆ, ಹೇಳ್ತೀನಿ.

ಎರಡು ಶಾಟ್‌ನಲ್ಲಿ ಮೊದಲನೆಯದು ಹೋದರೆ ಚೆಂಡು ಆಟದಲ್ಲಿ ಇರೋದೇ ಇಲ್ಲ. ರೆಫ್ರಿ ಅದನ್ನು ಮತ್ತೆ ಶೂಟರ್ ಕೈಗೇ ಕೊಡ್ತಾರೆ. ಹಾಗಾಗಿ ಅದಕ್ಕೆ ಯಾರಿಗೂ ರೀಬೌಂಡ್ (ಮಿಸ್ ಆದ ಚೆಂಡು ಹಿಡಿದ ಲೆಕ್ಕ) ಇಲ್ಲ. ಎನ್‌ಸಿಎಎ ಪದ್ಧತಿಯಲ್ಲಿ ಅದನ್ನು ಡೆಡ್ ಬಾಲ್ ರೀಬೌಂಡ್ ಅಂತ ಬೇರೆ ಕಡೆ ಬರೀತಾರೆ, ತಂಡದ ಒಟ್ಟು ರೀಬೌಂಡ್‌ಗೆ ಸೇರಲ್ಲ. ಎರಡನೇ ಮಿಸ್‌ಗೆ ಮಾತ್ರ ನಿಜವಾದ ರೀಬೌಂಡ್. ಆದ್ದರಿಂದ "ಎದುರಾಳಿ ಎಷ್ಟು ಮಿಸ್ ಮಾಡಿತೋ ಅಷ್ಟು ರೀಬೌಂಡ್ ಇರಬೇಕು" ಅಂತ ಕೂಡಿಸಿದ್ರೆ ಲೆಕ್ಕ ಕೂರಲ್ಲ. ಡ್ಯೂಕ್‌ನ ಎಂಟು ಫ್ರೀ ಥ್ರೋ ಮಿಸ್‌ನಲ್ಲಿ ಎಷ್ಟು ಮೊದಲ ಶಾಟ್, ಎಷ್ಟು ಕೊನೇ ಶಾಟ್ ಅಂತ ಪ್ಲೇ-ಬೈ-ಪ್ಲೇ ಹಾಳೆ (ಆಟ ನಡೆದದ್ದನ್ನು ಸಾಲುಸಾಲಾಗಿ ಬರೆದದ್ದು) ನೋಡಿ ಬೇರೆ ಮಾಡಬೇಕು. ಬಾಕ್ಸ್ ಸ್ಕೋರ್ ಒಂದರಿಂದ ಆಗೋದಿಲ್ಲ.

ರೀಬೌಂಡ್_ರಂಗ
ರೀಬೌಂಡ್ ಅಂದ್ರೆ ಬೇಕಾಟ್ ಹೆಸರು ಇಷ್ಟು ಹೊತ್ತು ಯಾಕೆ ಬಂದಿಲ್ಲ? 11 ಪಾಯಿಂಟ್, 21 ರೀಬೌಂಡ್. ಎರಡನೇ ಹಾಫ್‌ನಲ್ಲಿ ಪಾದ ತಿರುಚಿಕೊಂಡು ಹೊರಗೆ ಹೋಗಿ ಮತ್ತೆ ಬಂದು ಆಡಿದ್ದು. ಆ ಟೂರ್ನಿಯಲ್ಲಿ ಆರಕ್ಕೆ ಆರೂ ಆಟದಲ್ಲಿ ಡಬಲ್-ಡಬಲ್ (ಪಾಯಿಂಟ್, ರೀಬೌಂಡ್ ಎರಡೂ ಹತ್ತು ಅಥವಾ ಹೆಚ್ಚು), ಸೀಸನ್ ಪೂರ್ತಿ 31. ಡೇವಿಡ್ ರಾಬಿನ್ಸನ್ ದಾಖಲೆಗೆ ಸಮ. ಅಂಥವನ 21 ರೀಬೌಂಡ್ ಪಕ್ಕಕ್ಕಿಟ್ಟು ತ್ರೀ, ಫ್ರೀ ಥ್ರೋ ಅಂತ ಜಗಳ ಆಡ್ತಿದ್ದೀರಿ.

ಮಂಡ್ಯ_ಗಾರ್ಡ್
+1. ಡ್ಯೂಕ್ 17 ತ್ರೀ ಮಿಸ್ ಮಾಡ್ತು ಅಂತ ಹೇಳೋದು ಅರ್ಧ ಮಾತು. ಆ ಚೆಂಡು ಯಾರ ಕೈಗೆ ಹೋಯ್ತು ಅನ್ನೋದು ಇನ್ನರ್ಧ.

ಲೆಕ್ಕದ_ಮೇಷ್ಟ್ರು
ರಂಗಣ್ಣ, 21 ದೊಡ್ಡ ಸಂಖ್ಯೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ರೀಬೌಂಡ್ ಎಣಿಕೆ ನೋಡುವಾಗ ಒಂದು ಎಚ್ಚರ. ಎದುರಾಳಿ ಹೆಚ್ಚು ಮಿಸ್ ಮಾಡಿದಷ್ಟೂ ರೀಬೌಂಡ್‌ಗೆ ಅವಕಾಶ ಹೆಚ್ಚು. ಅದಕ್ಕೇ ಎಣಿಕೆಗಿಂತ ಶೇಕಡಾ ನೋಡಬೇಕು. ಆಫೆನ್ಸಿವ್ ರೀಬೌಂಡ್ ಶೇಕಡಾ ಅಂದ್ರೆ ನಮ್ಮ ಆಫೆನ್ಸಿವ್ ರೀಬೌಂಡನ್ನು (ನಮ್ಮದೇ ಮಿಸ್ ನಾವೇ ಹಿಡಿದದ್ದು), ನಮ್ಮ ಆಫೆನ್ಸಿವ್ ಮತ್ತು ಎದುರಾಳಿಯ ಡಿಫೆನ್ಸಿವ್ ಎರಡನ್ನೂ ಕೂಡಿದ ಮೊತ್ತದಿಂದ ಭಾಗಿಸೋದು. ಒಂದೇ ಬುಟ್ಟಿಯ ಕೆಳಗೆ ಬಿದ್ದ ಚೆಂಡುಗಳನ್ನಷ್ಟೇ ಎಣಿಸಬೇಕು. ಎರಡೂ ಕಡೆ ಬೆರೆಸಿದ್ರೆ ಅರ್ಥ ಕೆಡುತ್ತೆ.

ಕ್ಯಾರಿ_ಕನ್ನಡತಿ
ಲವ್ ಬಗ್ಗೆ ಯಾರೂ ಬರೀಬೇಡಿ ಅಂದ್ರೆ ಹೇಗೆ, ಹೆಬ್ಬಾಳದವರೇ? ಅವನ ಸಾಲನ್ನೇ ಬಿಡಿಸಿ ನೋಡಿ, ಎಲ್ಲರೂ ನೆನಪಿಟ್ಟಿರೋದಕ್ಕಿಂತ ಬೇರೆ ಚಿತ್ರ ಸಿಗುತ್ತೆ.

28 ಪಾಯಿಂಟ್. ಒಟ್ಟು ಶಾಟ್ 20ಕ್ಕೆ 11. ತ್ರೀ 10ಕ್ಕೆ 3. ಫ್ರೀ ಥ್ರೋ 4ಕ್ಕೆ 3. ಅಂದ್ರೆ ಎರಡಂಕದ ಶಾಟ್ 10ಕ್ಕೆ 8! ಅವನ ಒಂದೊಂದು ತ್ರೀ ಪ್ರಯತ್ನಕ್ಕೆ ಬಂದದ್ದು 0.9 ಅಂಕ. ಒಂದೊಂದು ಟೂ ಪ್ರಯತ್ನಕ್ಕೆ 1.6. ಪೋಸ್ಟರ್‌ನಲ್ಲಿ ಇರೋದು ಆ ತ್ರೀ, ಆದ್ರೆ ಡ್ಯೂಕ್‌ನ ಕೊರೆದು ಹಾಕಿದ್ದು ಅವನ ಡ್ರೈವ್.

ಇನ್ನೊಂದು. ಹಾಫ್ ಟೈಮ್‌ಗೆ ಡ್ಯೂಕ್ 37–34 ಮುಂದೆ. ಎರಡನೇ ಹಾಫ್ ಕ್ಯಾರೊಲೈನಾ 47, ಡ್ಯೂಕ್ 40. ಆ 47ರಲ್ಲಿ ಲವ್ ಒಬ್ಬನದೇ 22. ಮೊದಲ ಹಾಫ್‌ನಲ್ಲಿ ಬರೀ 6.

ಹೆಬ್ಬಾಳ_ಹೂಪ್ಸ್
ಇದು ನನಗೆ ಬೇಕಿದ್ದ ಉತ್ತರ. 10ಕ್ಕೆ 8 ಟೂ! ಡ್ಯೂಕ್ ಸೆಂಟರ್ ಒಳಗೇ ನಿಲ್ತಿದ್ದದ್ದಕ್ಕೆ ಹಾಗಾಯ್ತಾ?

ಕ್ಯಾರಿ_ಕನ್ನಡತಿ
ಬಹುಮಟ್ಟಿಗೆ. ಸ್ಕ್ರೀನ್ (ಜೊತೆಗಾರ ಅಡ್ಡ ನಿಂತು ದಾರಿ ಮಾಡಿಕೊಡೋದು) ಬಂದಾಗ ವಿಲಿಯಮ್ಸ್ ಹಿಂದೆ ಸರಿದು ಬುಟ್ಟಿ ಕಾಯೋದು ಡ್ಯೂಕ್ ಪದ್ಧತಿ. ಅವನ ಕೈ ಅಷ್ಟು ಉದ್ದ, ಬ್ಲಾಕ್ ಅವನ ಬಲ. ಆದ್ರೆ ಸೆಂಟರ್ ಹಿಂದೆ ಸರಿದಾಗ ಫ್ರೀ ಥ್ರೋ ಗೆರೆ ಹತ್ತಿರ ಖಾಲಿ ಜಾಗ ಬಿಡುತ್ತೆ. ವೇಗವಾಗಿ ಬರುವ ಗಾರ್ಡ್‌ಗೆ ಅಲ್ಲಿಂದ ಫ್ಲೋಟರ್ (ಎತ್ತರಕ್ಕೆ ತೇಲಿಸುವ ಶಾಟ್) ಅಥವಾ ಪುಲ್-ಅಪ್ (ಓಡುತ್ತಾ ಬಂದು ತಟ್ಟನೆ ನಿಂತು ಹಾಕುವ ಶಾಟ್) ಸುಲಭ. ಮುಂದೆ ಬಂದು ತಡೆದ್ರೆ ಹಿಂದೆ ಬೇಕಾಟ್‌ಗೆ ಪಾಸ್. ಎರಡರಲ್ಲಿ ಒಂದನ್ನು ಬಿಟ್ಟುಕೊಡಲೇಬೇಕು.

ಕೊನೇ ತ್ರೀನಲ್ಲಿ ಇದು ಉಲ್ಟಾ. ಬೇಕಾಟ್ ಫೌಲ್ ಔಟ್ ಆಗಿ ಬೆಂಚಲ್ಲಿ. ಸ್ಕ್ರೀನ್ ಮೇಲೆ ಸ್ವಿಚ್ ಆಗಿ (ಕಾಯುವವರು ಅದಲುಬದಲಾಗಿ) ವಿಲಿಯಮ್ಸ್ ಹೊರಗೆ ಲವ್ ಎದುರಿಗೆ ಬಂದ. ಲವ್ ಅವನ ಕೈ ಮೇಲಿಂದಲೇ ಹಾಕಿದ. ಟೈಮ್ ನೋಡಿ: ಚೆಂಡು ಸಿಕ್ಕಿದ್ದು ಸುಮಾರು 46 ಸೆಕೆಂಡ್ ಇರುವಾಗ, ಶಾಟ್ ಕ್ಲಾಕ್ (ಶಾಟ್ ಹಾಕಲು ಇರುವ ಗಡುವು) 30 ಸೆಕೆಂಡ್, ಅಂದ್ರೆ ಆಟದ ಗಡಿಯಾರ 16ಕ್ಕೆ ಬರೋವರೆಗೂ ಕಾಯಬಹುದಿತ್ತು. 25ಕ್ಕೇ ಹಾಕಿದ. ಒಂದು ಪಾಯಿಂಟ್ ಮುಂದಿದ್ದಾಗ ಕೋಚ್‌ಗಳು ಸಾಮಾನ್ಯವಾಗಿ ಬೇಡ ಅನ್ನೋ ಶಾಟ್ ಅದು. ಬಿತ್ತು, 78–74.

ನೀಲಿ_ಡ್ಯೂಕ್
ಎರಡು ಫ್ರೀ ಥ್ರೋ ಬಿಟ್ಟವನ ಮೇಲಿಂದಲೇ ತ್ರೀ. ಹುಡುಗನಿಗೆ ಆಗ ಇಪ್ಪತ್ತೋ ಇಪ್ಪತ್ತೊಂದೋ.

ಹಳೇ_ಟೇಪು
ಈ ಎರಡು ತಂಡದ ನಡುವೆ ಇದು ಹೊಸದಲ್ಲ. 2012ರ ಫೆಬ್ರವರಿ 8, ಚಾಪೆಲ್ ಹಿಲ್. ಡ್ಯೂಕ್ 85, ಕ್ಯಾರೊಲೈನಾ 84. ಕೊನೇ 14 ಸೆಕೆಂಡ್ ಇದ್ದಾಗ ಕ್ಯಾರೊಲೈನಾದ ಏಳಡಿ ಸೆಂಟರ್ ಟೈಲರ್ ಝೆಲರ್ ಎರಡು ಫ್ರೀ ಥ್ರೋನಲ್ಲಿ ಒಂದನ್ನು ಬಿಟ್ಟ, 84–82. ಡ್ಯೂಕ್ ಕಡೆ ಆಸ್ಟಿನ್ ರಿವರ್ಸ್ ಚೆಂಡು ತಂದ, ಸ್ವಿಚ್ ಆಗಿ ಎದುರಿಗೆ ಬಂದದ್ದು ಅದೇ ಝೆಲರ್. ಅವನ ಮೇಲಿಂದ ತ್ರೀ, ಬಝರ್. ರಿವರ್ಸ್ 29 ಪಾಯಿಂಟ್. ಹತ್ತು ವರ್ಷದ ನಂತರ ಬಣ್ಣ ಅದಲುಬದಲು, ಸೆಂಟರ್‌ಗಳ ಗತಿ ಮಾತ್ರ ಅದೇ.

ಮಂಡ್ಯ_ಗಾರ್ಡ್
ವಾಹ್, ಈ ಹೋಲಿಕೆ ಹೊಳೆದಿರಲೇ ಇಲ್ಲ ಗುರುವೇ. ಆದ್ರೆ 2012ರ ತ್ರೀ ಗೆರೆ ಹತ್ತಿರ ಇತ್ತು, 20 ಅಡಿ 9 ಇಂಚು. 2019–20ರಿಂದ ಪುರುಷರ ಕಾಲೇಜು ಗೆರೆ 22 ಅಡಿ 1¾ ಇಂಚಿಗೆ ಹೋಯ್ತು. ಲವ್ ಹಾಕಿದ್ದು ಇನ್ನೂ ದೂರದಿಂದ.

ಹಳೇ_ಟೇಪು
ಗೆರೆಯೇ ಇಲ್ಲದ ಕಾಲದ್ದು ಬೇಕಾ? 1974ರ ಮಾರ್ಚ್ 2. ಕ್ಯಾರೊಲೈನಾ 8 ಪಾಯಿಂಟ್ ಹಿಂದೆ, ಉಳಿದದ್ದು 17 ಸೆಕೆಂಡ್. ತ್ರೀ ಅನ್ನೋದೇ ಇರಲಿಲ್ಲ (ದೇಶದ ಎಲ್ಲ ಕಾಲೇಜು ಆಟಕ್ಕೂ ಬಂದದ್ದು 1986–87ರಲ್ಲಿ). ಎಂಟು ಪಾಯಿಂಟ್ ಪೂರ್ತಿ ಎರಡೆರಡರಲ್ಲೇ ಕೂಡಿಸಬೇಕು. ಕೂಡಿಸಿದರು. ಕೊನೇದು ವಾಲ್ಟರ್ ಡೇವಿಸ್ ದೂರದಿಂದ ಬೋರ್ಡ್‌ಗೆ ಬಡಿದು ಹಾಕಿದ್ದು, 86–86. ಓವರ್‌ಟೈಮ್‌ನಲ್ಲಿ ಕ್ಯಾರೊಲೈನಾ 96–92.

ಸ್ಕೋರ್‌ಟೇಬಲ್
1974 ಬಂದದ್ದು ಒಳ್ಳೇದಾಯ್ತು, ಹಳೇ ಬಾಕ್ಸ್ ಸ್ಕೋರ್ ಸಿಕ್ಕಾಗ ಮೊದಲು ನಿಮಿಷ ಕೂಡಿಸಿ. ಐದು ಜನ, 40 ನಿಮಿಷ, ಅಂದ್ರೆ ತಂಡಕ್ಕೆ 200. ಒಂದು ಓವರ್‌ಟೈಮ್‌ಗೆ 5 ನಿಮಿಷ, ಐದು ಜನಕ್ಕೆ 25, ಅಂದ್ರೆ 225. ಓವರ್‌ಟೈಮ್ ಆದ ಆಟದ ಹಾಳೆಯಲ್ಲಿ 200 ಇದ್ರೆ ಯಾರೋ ತಪ್ಪು ನಕಲು ಮಾಡಿದ್ದಾರೆ. ಒಂದೆರಡು ನಿಮಿಷ ಹೆಚ್ಚುಕಡಿಮೆ ಇದ್ರೆ ಅದು ಸೆಕೆಂಡ್‌ಗಳನ್ನು ಪೂರ್ಣ ನಿಮಿಷಕ್ಕೆ ತಿರುಗಿಸಿದ್ದರ ಫಲ, ಗಾಬರಿ ಬೇಡ.

ಆಮೇಲೆ ಪಾಯಿಂಟ್. ಟೂ ಎರಡರಿಂದ ಗುಣಿಸಿ, ತ್ರೀ ಮೂರರಿಂದ, ಫ್ರೀ ಥ್ರೋ ಹಾಗೇ. 2022ರ ಡ್ಯೂಕ್‌ಗೆ 25 ಟೂ, 5 ತ್ರೀ, 12 ಫ್ರೀ ಥ್ರೋ: 50+15+12 = 77. ಸರಿ ಇದೆ. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು, ಹಾಳೆಯಲ್ಲಿ ಫೀಲ್ಡ್ ಗೋಲ್ ಅಂತ ಇರೋ 30ರಲ್ಲಿ ತ್ರೀ ಕೂಡ ಸೇರಿರುತ್ತೆ. 30ನ್ನು ಎರಡರಿಂದ ಗುಣಿಸಿ, ಮೇಲೆ 5ನ್ನು ಮೂರರಿಂದ ಗುಣಿಸಿ ಕೂಡಿಸಿದ್ರೆ 87 ಬಂದು ಹೋಗುತ್ತೆ.

ಹೊಸಬ_22
ಲವ್ ಆಟಕ್ಕೆ ಟ್ರೂ ಶೂಟಿಂಗ್ (ತ್ರೀ, ಫ್ರೀ ಥ್ರೋ ಎಲ್ಲ ಸೇರಿಸಿದ ಶೂಟಿಂಗ್ ಶೇಕಡಾ) ಎಷ್ಟಾಗುತ್ತೆ? ಒಂದು ಕಡೆ 64.3 ಅಂತ ಬರುತ್ತೆ, ಇನ್ನೊಂದು ಕಡೆ 63.9.

ಲೆಕ್ಕದ_ಮೇಷ್ಟ್ರು
ಎರಡೂ ಸರಿ, ಗುಣಾಂಕ ಬೇರೆ. ಸೂತ್ರ ಇದು: ಪಾಯಿಂಟ್ ಭಾಗಿಸು, ಎರಡರಷ್ಟು (ಶಾಟ್ ಪ್ರಯತ್ನ + ಗುಣಾಂಕ × ಫ್ರೀ ಥ್ರೋ ಪ್ರಯತ್ನ). ಎನ್‌ಬಿಎಗೆ 0.44 ಬಳಸ್ತಾರೆ: 20 + 0.44×4 = 21.76, ಎರಡರಿಂದ ಗುಣಿಸಿದ್ರೆ 43.52. 28 ಭಾಗಿಸು 43.52, ಅಂದ್ರೆ 64.3%. ಕಾಲೇಜಿಗೆ ಬಹಳ ಜನ 0.475 ಹಾಕ್ತಾರೆ: 21.9, ಅದರ ಎರಡರಷ್ಟು 43.8, ಅಂದ್ರೆ 63.9%.

ಈ ಗುಣಾಂಕ ಯಾಕೆ ಅರ್ಧ ಅಲ್ಲ ಅಂದ್ರೆ, ಎಲ್ಲ ಫ್ರೀ ಥ್ರೋನೂ ಜೋಡಿಯಾಗಿ ಬರಲ್ಲ. ಬುಟ್ಟಿ ಬಿದ್ದ ಮೇಲೆ ಸಿಗುವ ಒಂದು ಶಾಟ್, ಟೆಕ್ನಿಕಲ್ ಫೌಲ್, ಇವೆಲ್ಲ ಬೇರೆ ಪೊಸೆಷನ್ (ಚೆಂಡು ಒಂದು ತಂಡದ ಕೈಯಲ್ಲಿರುವ ಒಂದು ಸರದಿ) ತಿನ್ನಲ್ಲ. ಪುರುಷರ ಕಾಲೇಜು ಆಟದಲ್ಲಿ ಒಂದು ಹಾಫ್‌ನಲ್ಲಿ ಏಳನೇ ತಂಡ-ಫೌಲ್‌ನಿಂದ ಒನ್-ಅಂಡ್-ಒನ್: ಮೊದಲನೆಯದು ಹೋದ್ರೆ ಎರಡನೆಯದು ಇಲ್ಲ. ಅಲ್ಲಿ ಒಂದೇ ಪ್ರಯತ್ನಕ್ಕೆ ಪೂರ್ತಿ ಪೊಸೆಷನ್ ಮುಗೀತು. ಕಾಲೇಜು ಗುಣಾಂಕ ಮೇಲಕ್ಕೆ ಹೋಗೋದಕ್ಕೆ ಅದೂ ಒಂದು ಕಾರಣ. ಯಾವುದಾದ್ರೂ ಹಾಕಿ, ಹೋಲಿಸುವ ಆಟಗಾರರಿಗೆಲ್ಲ ಒಂದೇ ಹಾಕಿ. ಅಷ್ಟೇ.

ಹೊಸಬ_22
ಥ್ಯಾಂಕ್ಸ್ ಸರ್. ಪೊಸೆಷನ್ ಎಣಿಸೋದೂ ಇದೇ ಗುಣಾಂಕದಿಂದಾನಾ?

ಲೆಕ್ಕದ_ಮೇಷ್ಟ್ರು
ಹೌದು. ಶಾಟ್ ಪ್ರಯತ್ನ, ಅದರಿಂದ ಆಫೆನ್ಸಿವ್ ರೀಬೌಂಡ್ ಕಳೆಯಿರಿ, ಟರ್ನೋವರ್ (ಶಾಟ್ ಹಾಕದೇ ಚೆಂಡು ಕಳ್ಕೊಂಡದ್ದು) ಕೂಡಿಸಿ, 0.475 × ಫ್ರೀ ಥ್ರೋ ಪ್ರಯತ್ನ ಕೂಡಿಸಿ. ಆಫೆನ್ಸಿವ್ ರೀಬೌಂಡ್ ಕಳೆಯೋದನ್ನು ಮರೆತ್ರೆ ಒಂದೇ ಪೊಸೆಷನ್ ಎರಡು ಸಲ ಎಣಿಕೆ ಆಗುತ್ತೆ. ಎರಡೂ ತಂಡಕ್ಕೆ ಬೇರೆ ಬೇರೆ ಮಾಡಿ. ಚೆಂಡು ಸರದಿಯಲ್ಲಿ ಹೋಗೋದರಿಂದ ಎರಡು ಉತ್ತರವೂ ಹತ್ತಿರಹತ್ತಿರ ಬರಬೇಕು. ನಾಲ್ಕೈದು ವ್ಯತ್ಯಾಸ ಬಂದ್ರೆ ಟರ್ನೋವರ್ ಸಾಲು ತಪ್ಪಾಗಿ ತುಂಬಿದ್ದೀರಿ ಅಂತ ಅರ್ಥ. ಎರಡರ ಸರಾಸರಿ ತಗೊಳ್ಳಿ.

ರೀಬೌಂಡ್_ರಂಗ
ಲವ್, ವಿಲಿಯಮ್ಸ್ ಅಂತಲೇ ಹೋಗ್ತಿದೆ. ಡ್ಯೂಕ್‌ನ ಪಾವ್ಲೊ ಬಂಕೆರೊ 20 ಪಾಯಿಂಟ್, 10 ರೀಬೌಂಡ್. ಬೆಂಚಿನಿಂದ ಬಂದ ಟ್ರೆವರ್ ಕೀಲ್ಸ್ 19. ಇವರಿಬ್ಬರೂ ಸೋತ ತಂಡದಲ್ಲಿದ್ದರು ಅಂತ ಯಾರೂ ಹೇಳಲ್ಲ.

ನೀಲಿ_ಡ್ಯೂಕ್
ಕೀಲ್ಸ್‌ನ 19 ಇಲ್ದಿದ್ರೆ ಕೊನೇ ನಿಮಿಷದವರೆಗೂ ಆಟ ಬರ್ತಾನೇ ಇರಲಿಲ್ಲ. 18 ಸಲ ಮುನ್ನಡೆ ಅತ್ತಿಂದಿತ್ತ, 12 ಸಲ ಸಮ. ಅಂಥ ಆಟದಲ್ಲಿ ಒಂದೇ ಶಾಟ್‌ಗೆ ಗೆಲುವು ಕಟ್ಟೋದು ನನಗೂ ಇಷ್ಟ ಇಲ್ಲ ಬಿಡಿ.

ತುಂಗಾತೀರ
ವಿಷಯಾಂತರ: ಅವತ್ತು ಯುಗಾದಿ. ನ್ಯೂ ಆರ್ಲಿಯನ್ಸ್‌ನಲ್ಲಿ ರಾತ್ರಿ ಆಟ ಅಂದ್ರೆ ಇಲ್ಲಿ ಹೊಸತೊಡಕಿನ ಬೆಳಿಗ್ಗೆ. ಮಟನ್ ಅಂಗಡಿ ಸಾಲು ಶುರುವಾಗೋ ಹೊತ್ತಿಗೆ ಅಲ್ಲಿ ಫಲಿತಾಂಶ ಬರ್ತಿತ್ತು.

ಮಂಡ್ಯ_ಗಾರ್ಡ್
ಪ್ಲಸ್-ಮೈನಸ್ (ಆಟಗಾರ ಅಂಗಳದಲ್ಲಿದ್ದಾಗ ಎರಡು ತಂಡದ ಅಂಕದ ವ್ಯತ್ಯಾಸ) ನೋಡಿ ಬೇಕಾಟ್‌ನ ಅಳೆಯೋರಿಗೆ ಒಂದು ಮಾತು. ಅವನು ಹೊರಗೆ ಹೋದಾಗ 75–74. ಮುಗಿದಾಗ 81–77. ಆ 46.7 ಸೆಕೆಂಡ್‌ನಲ್ಲಿ ಕ್ಯಾರೊಲೈನಾ 6, ಡ್ಯೂಕ್ 3. ಆ +3 ಅವನ ಲೆಕ್ಕಕ್ಕೆ ಇಲ್ಲ, ಬೆಂಚಿನಿಂದ ಬಂದವನ ಲೆಕ್ಕಕ್ಕೆ ಹೋಗುತ್ತೆ. ಒಂದು ಆಟದ ಪ್ಲಸ್-ಮೈನಸ್‌ನಿಂದ ಯಾರನ್ನೂ ತೂಗಬಾರದು.

ಕ್ಯಾರಿ_ಕನ್ನಡತಿ
ಬೆಂಚು ಅಂದ್ರಲ್ಲ, ಅದೇ ಕ್ಯಾರೊಲೈನಾದ ನಿಜವಾದ ದೌರ್ಬಲ್ಯ, ಗೆದ್ದ ಆಟದಲ್ಲೂ ಕಾಣುತ್ತೆ. ಲವ್ 28, ಆರ್‌ಜೆ ಡೇವಿಸ್ 18, ಬ್ರೇಡಿ ಮೇನೆಕ್ 14, ಬೇಕಾಟ್ 11. ನಾಲ್ಕು ಜನ ಸೇರಿ 71, ಉಳಿದವರೆಲ್ಲ ಸೇರಿ 10. ಒಂದು ತಿಂಗಳ ಹಿಂದೆ, ಮಾರ್ಚ್ 5ರಂದು, ಡ್ಯೂಕ್ ಅಂಗಳದಲ್ಲಿ ಶಶೆಫ್‌ಸ್ಕಿ ಅವರ ಕೊನೇ ತವರು ಆಟದಲ್ಲಿ 94–81 ಗೆದ್ದಾಗಲೂ ಇದೇ ನಾಲ್ವರು: ಬೇಕಾಟ್ 23, ಲವ್ 22, ಡೇವಿಸ್ 21, ಮೇನೆಕ್ 20. ಒಟ್ಟು 86, ಉಳಿದವರೆಲ್ಲ 8.

ಇದರ ಬೆಲೆ ಎರಡು ದಿನದ ಮೇಲೆ ಕಟ್ಟಿದರು. ಫೈನಲ್‌ನಲ್ಲಿ ಕ್ಯಾನ್ಸಸ್ ವಿರುದ್ಧ ಹಾಫ್ ಟೈಮ್‌ಗೆ 40–25 ಮುಂದೆ, ಕೊನೆಗೆ 72–69 ಸೋಲು. ಬೇಕಾಟ್ ನೋವಿನ ಕಾಲಲ್ಲೇ 15 ಪಾಯಿಂಟ್, 15 ರೀಬೌಂಡ್.

ಹೆಬ್ಬಾಳ_ಹೂಪ್ಸ್
ಆ ಸೀಸನ್ನಿನ ಮೂರೂ ಡ್ಯೂಕ್–ಕ್ಯಾರೊಲೈನಾ ಆಟ ಒಟ್ಟಿಗೆ ನೋಡಿದ್ರೆ ಏನು ಬರುತ್ತೆ? ಫೆಬ್ರವರಿ 5ಕ್ಕೆ ಚಾಪೆಲ್ ಹಿಲ್‌ನಲ್ಲಿ ಡ್ಯೂಕ್ 87–67.

ಲೆಕ್ಕದ_ಮೇಷ್ಟ್ರು
ಡ್ಯೂಕ್ 87+81+77 = 245. ಕ್ಯಾರೊಲೈನಾ 67+94+81 = 242. ಆಟ 2–1 ಕ್ಯಾರೊಲೈನಾ, ಒಟ್ಟು ಪಾಯಿಂಟ್ ಡ್ಯೂಕ್ ಕಡೆ ಮೂರು ಹೆಚ್ಚು.

ನೀಲಿ_ಡ್ಯೂಕ್
ಆ ಮೂರನ್ನು ಏಪ್ರಿಲ್ 2ಕ್ಕೆ ವರ್ಗಾಯಿಸಿದ್ರೂ 81–80, ಮೇಷ್ಟ್ರೇ. ನಿಮ್ಮ 75% ಫ್ರೀ ಥ್ರೋ ಲೆಕ್ಕವೂ ಅಲ್ಲಿಗೇ ಬಂದು ನಿಂತಿತ್ತು.

ಸ್ಕೋರ್‌ಟೇಬಲ್
ಯಾರಾದ್ರೂ ಪ್ಲೇ-ಬೈ-ಪ್ಲೇ ಹಾಳೆ ಇಟ್ಟುಕೊಂಡು ಕೂತ್ರೆ ಡ್ಯೂಕ್‌ನ 17 ತ್ರೀ ಮಿಸ್‌ನಲ್ಲಿ ಎಷ್ಟು ಚೆಂಡು ಮತ್ತೆ ಡ್ಯೂಕ್ ಕೈಗೇ ಬಂತು ಅಂತ ಎಣಿಸಿ ಇಲ್ಲಿ ಹಾಕಿ. ಮಿಸ್ ಆದ ಸಾಲಿನ ಮುಂದಿನ ಸಾಲಲ್ಲೇ ರೀಬೌಂಡ್ ಇರುತ್ತೆ. ಚೆಂಡು ಅಂಗಳದ ಗೆರೆಯಾಚೆ ಹೋದದ್ದಾದ್ರೆ ತಂಡದ ಹೆಸರಲ್ಲಿ ಇರುತ್ತೆ, ಅದನ್ನೂ ಬಿಡಬೇಡಿ.

ರೀಬೌಂಡ್_ರಂಗ
ನಾನು ಮಾಡ್ತೀನಿ. ಬೇಕಾಟ್ ತೆಗೆದದ್ದನ್ನು ಬೇರೆ ಕಾಲಂನಲ್ಲಿ ಹಾಕ್ತೀನಿ.